ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲವೇ? ರಕ್ತತಜ್ಞರ ಬಳಿ ಹೋಗುವ ಮುನ್ನ ಹೀಗೆ ಮಾಡಿ

ಕಬ್ಬಿಣದ ಕೊರತೆಯಿಂದ ರಕ್ತ ಕಮ್ಮಿಯಾಗಿದ್ದರೆ, ಮಾತ್ರೆ ಸರಿಯಾಗಿ ತೆಗೆದುಕೊಂಡ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ಮಾತ್ರೆಯ ಕಂಪನಿ ಬದಲಾಗುತ್ತದೆ, ಜೊತೆಗೊಂದು ಟಾನಿಕ್ ಬರುತ್ತದೆ. ನಿಜಕ್ಕೂ ಇದು ಕಬ್ಬಿಣದ ಕೊರತೆಯೇ ಹೌದಾ ಅಂತ ಕೇಳುವವರು ಕಡಿಮೆ.

ಮೊದಲು ಮಾತ್ರೆ ತೆಗೆದುಕೊಳ್ಳುವ ರೀತಿ ನೋಡಿಕೊಳ್ಳಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ತೆಗೆದುಕೊಂಡರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಲ ಕಪ್ಪಗಾಯಿತೆಂದು ಹೆದರಿ ಅರ್ಧಕ್ಕೆ ಬಿಡುವವರು ಜಾಸ್ತಿ. ಅದು ಸಾಮಾನ್ಯವಾಗಿ ಮಾತ್ರೆಯ ಬಣ್ಣ ಅಷ್ಟೆ. ಹೊಟ್ಟೆ ಕೆಡುತ್ತಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನು ಕೇಳಿ.

ಆಮೇಲೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್ ತೆರೆಯಿರಿ. ಎಲ್ಲರ ಕಣ್ಣೂ ಹಿಮೋಗ್ಲೋಬಿನ್ ಮೇಲೆ ಬೀಳುತ್ತದೆ. ನೀವು ಎಂಸಿವಿ ಎಂಬ ಸಾಲನ್ನೂ ಓದಿ. ಕೆಂಪು ರಕ್ತಕಣದ ಗಾತ್ರ ಅದು. ದೊಡ್ಡವರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಬಿ12 ಅಥವಾ ಫೋಲೇಟ್ ಕೊರತೆಯ ಅನುಮಾನ ಬರುತ್ತದೆ. ಅಪ್ಪಟ ಸಸ್ಯಾಹಾರಿಗಳು, ಕಾಲು ಜೋಮು ಹಿಡಿಯುವವರು ಇದನ್ನು ಕಡೆಗಣಿಸಬೇಡಿ.

ಎಂಸಿವಿ 80ಕ್ಕಿಂತ ಕಡಿಮೆ ಇದ್ದರೆ ಫೆರಿಟಿನ್ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಅದು ಹೇಳುತ್ತದೆ. ಅದೂ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಖಚಿತ. ಆಗ ರಕ್ತ ಎಲ್ಲಿ ಸೋರಿ ಹೋಗುತ್ತಿದೆ ಎಂದು ಹುಡುಕಬೇಕು: ಮುಟ್ಟಿನಲ್ಲಿ ಅತಿಯಾದ ಸ್ರಾವ, ಕೊಕ್ಕೆಹುಳು, ಮೂಲವ್ಯಾಧಿ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಹೊಟ್ಟೆ, ಕರುಳಿನ ತಪಾಸಣೆ ಆಗಲೇಬೇಕು.

ಫೆರಿಟಿನ್ ಸರಿಯಿದೆ, ಎಂಸಿವಿ ಕಡಿಮೆ, ಆದರೆ ಕೆಂಪುಕಣಗಳ ಎಣಿಕೆ ಮಾತ್ರ 5 ದಶಲಕ್ಷ ದಾಟಿದೆ. ಹೀಗಿದ್ದರೆ ಥಲಸ್ಸೀಮಿಯಾ ಮೈನರ್ ಇರಬಹುದು. ಇದು ಕಾಯಿಲೆ ಅಲ್ಲ, ಅಪ್ಪ ಅಥವಾ ಅಮ್ಮನಿಂದ ಬಂದ, ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಗುಣ. ಇಂಥವರಿಗೆ ಬರೀ ಕಬ್ಬಿಣ ಕೊಟ್ಟರೆ ಪ್ರಯೋಜನವಿಲ್ಲ. ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ ಎಚ್‌ಬಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ ಪ್ರಮಾಣ ಶೇ 3.5 ದಾಟಿದರೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ. ಗಂಡ ಹೆಂಡತಿ ಇಬ್ಬರಲ್ಲೂ ಈ ಗುಣವಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ಶೇ 25. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಜಾತಕದ ಜೊತೆ ಈ ರಿಪೋರ್ಟನ್ನೂ ಕೇಳಿದರೆ ತಪ್ಪೇನಿಲ್ಲ, ಅಲ್ವಾ?

ಇನ್ನು ರಕ್ತತಜ್ಞರ, ಅಂದರೆ ಹೆಮಟಾಲಜಿಸ್ಟರ ಸರದಿ. ಎಚ್‌ಪಿಎಲ್‌ಸಿಯಲ್ಲಿ ವ್ಯತ್ಯಾಸ ಕಂಡಿದೆ, ಕಣ್ಣು ಹಳದಿಯಾಗಿದೆ, ಗುಲ್ಮ (ಹೊಟ್ಟೆಯ ಎಡಭಾಗದ ಅಂಗ, ಸ್ಪ್ಲೀನ್) ದೊಡ್ಡದಾಗಿದೆ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಕೂಡ ಇಳಿದಿವೆ, ಪದೇ ಪದೇ ರಕ್ತ ಕೊಡಿಸಬೇಕಾಗಿದೆ: ಇದರಲ್ಲಿ ಒಂದಿದ್ದರೂ ಹೋಗಿ. ಎಲ್ಲ ಜಿಲ್ಲೆಯಲ್ಲೂ ಇವರು ಸಿಗುವುದಿಲ್ಲ. ನಿಮ್ಮ ಫಿಸಿಷಿಯನ್ ಅಥವಾ ಮಕ್ಕಳ ಡಾಕ್ಟರಿಂದ ಪತ್ರ ಬರೆಸಿಕೊಂಡು ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಹಳೇ ರಿಪೋರ್ಟುಗಳು, ರಕ್ತ ಕೊಡಿಸಿದ ದಿನಾಂಕ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ (ನಾಟಿ ಔಷಧಿಯೂ ಸೇರಿ) ಕೈಯಲ್ಲಿರಲಿ. ರಕ್ತ ಕೊಡಿಸುವ ಮೊದಲೇ ಎಚ್‌ಪಿಎಲ್‌ಸಿಗೆ ಸ್ಯಾಂಪಲ್ ತೆಗೆಸಿ. ಬೇರೆಯವರ ರಕ್ತ ಸೇರಿದ ಮೇಲೆ ಸುಮಾರು ಮೂರು ತಿಂಗಳು ಆ ಫಲಿತಾಂಶವನ್ನು ನಂಬುವಂತಿಲ್ಲ.

ಚಾಮರಾಜನಗರ, ಮೈಸೂರು ಕಡೆಯ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಕುಡುಗೋಲು ಕಣ ರೋಗವಿದೆ (ಸಿಕಲ್ ಸೆಲ್; ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ವಂಶದಿಂದ ಬರುವ ಕಾಯಿಲೆ). 2023ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯಡಿ ಇದರ ತಪಾಸಣೆ ನಡೆಯುತ್ತಿದೆ. ಈ ರೋಗವಿದ್ದವರಿಗೆ ಜ್ವರ ಬಂದರೆ ಕಷಾಯ ಕುಡಿಸಿ ಕಾಯುತ್ತಾ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹೈಡ್ರಾಕ್ಸಿಯೂರಿಯಾ ಮಾತ್ರೆಯಿಂದ ಎಷ್ಟೋ ಜನರಿಗೆ ಮೈಕೈ ನೋವಿನ ಸರದಿ ಕಡಿಮೆಯಾಗುತ್ತದೆ. ಆದರೆ ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಂಡೇ ನುಂಗಬೇಕು.

ಖರ್ಚಿನ ವಿಷಯಕ್ಕೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೀಮಿಯಾ, ಕುಡುಗೋಲು ಕಣ ರೋಗ ಎರಡೂ ಇವೆ. ಸರ್ಕಾರಿ ಸೌಲಭ್ಯ ಪಡೆಯಲು ನೆರವಾಗುವ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕುವಾಗ ತಜ್ಞರು ಬರೆದ ರೋಗನಿರ್ಣಯದ ಪತ್ರ ಉಪಯೋಗಕ್ಕೆ ಬರುತ್ತದೆ. ಮೊದಲ ಭೇಟಿಯಲ್ಲೇ ಕೇಳಿ ಪಡೆಯಿರಿ.