ಮರಳಿನ ಸ್ನಿಗ್ಧತೆ ಯಾವುದು, ನನ್ನ ಲೆಕ್ಕದ್ದು ಯಾವುದು?

ಬಿಗಿಯಾಗಿ ತುಂಬಿದ ಮರಳು ಜಾರುವ ಮೊದಲು ಉಬ್ಬುತ್ತದೆ. ಓದಿ ತಿಳಿದಿದ್ದ ಈ ಮಾತನ್ನು ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜಿನ ಮುಳ್ಳಿನಲ್ಲಿ ಕಣ್ಣಾರೆ ಕಂಡ ಮೇಲೆಯೇ ನನಗೆ ಮರಳಿನ ಕಂಪ್ಯೂಟರ್ ಮಾದರಿ ಕಟ್ಟುವ ದಾರಿ ಹೊಳೆಯಿತು.

ಒಣಗಿಸಿ ಜರಡಿ ಹಿಡಿದ ಕಾವೇರಿ ಮರಳು. ಕಾಳಿನ ಸರಾಸರಿ ಗಾತ್ರ ಅರ್ಧ ಮಿಲಿಮೀಟರ್. ಶಿಯರ್ ಪೆಟ್ಟಿಗೆಯೆಂದರೆ ಒಂದರ ಮೇಲೊಂದು ಸರಿಯುವ ಎರಡು ಅರ್ಧಗಳ ಪೆಟ್ಟಿಗೆ. 60 ಮಿ.ಮೀ. ಚೌಕದ ಅಂಥ ಪೆಟ್ಟಿಗೆಗೆ ಮರಳನ್ನು ಮೂರು ಪದರಗಳಲ್ಲಿ ಸುರಿದು, ಒಂದೊಂದನ್ನೂ ತಟ್ಟಿ ಬಿಗಿಗೊಳಿಸಿದೆ. ಮೇಲೆ 100 ಕಿಲೋಪ್ಯಾಸ್ಕಲ್ ಒತ್ತಡ, ಅಂದರೆ ಸುಮಾರು 37 ಕಿಲೋ ಭಾರ. ಪೆಟ್ಟಿಗೆ ಸರಿಯತೊಡಗಿದಾಗ ಮುಚ್ಚಳದ ಮೇಲಿನ ಮುಳ್ಳು ಮೊದಲು ಕೂದಲೆಳೆಯಷ್ಟು ಇಳಿಯಿತು, ಆಮೇಲೆ ಏರುತ್ತಲೇ ಹೋಯಿತು. ಒತ್ತೊತ್ತಾಗಿ ಕುಳಿತ ಕಾಳು ಪಕ್ಕದ ಕಾಳನ್ನು ಹತ್ತಿ ದಾಟದೆ ಮುಂದೆ ಸರಿಯಲಾರದು. ಹತ್ತುವಾಗ ಮೇಲಿನ ಭಾರವನ್ನೂ ಎತ್ತಬೇಕು. ಮರಳಿನ ಪ್ರತಿರೋಧ 84ಕ್ಕೆ ಏರಿ, ಮೆಲ್ಲಗೆ 65 ಕಿಲೋಪ್ಯಾಸ್ಕಲ್‌ಗೆ ಇಳಿದು ನಿಂತಿತು.

ವ್ಯತ್ಯಾಸ 19. ಪ್ರತಿರೋಧ ಗರಿಷ್ಠವಾಗಿದ್ದಾಗ ಪೆಟ್ಟಿಗೆ ಒಂದು ಮಿಲಿಮೀಟರ್ ಸರಿದರೆ ಮುಚ್ಚಳ ಏರುತ್ತಿದ್ದುದು ಸುಮಾರು 0.19 ಮಿಲಿಮೀಟರ್. ಹೆಚ್ಚುವರಿ ಬಲವೆಲ್ಲ ಭಾರ ಎತ್ತುವುದಕ್ಕೇ ಖರ್ಚಾಗಿತ್ತು! ಮಣ್ಣಿನ ಬಲವಿಜ್ಞಾನದ ಎಂಜಿನಿಯರ್ ಡೊನಾಲ್ಡ್ ಟೇಲರ್ 1948ರಲ್ಲಿ ಬರೆದ ಶಕ್ತಿಯ ಲೆಕ್ಕವಿದು. ಇಷ್ಟು ಸರಳವಾದ ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಂಪ್ಯೂಟರಿನಲ್ಲಿ ಮೋರ್-ಕೂಲಂಬ್ ನಿಯಮದಿಂದ ಆರಂಭಿಸಿದೆ: ಮೇಲಿನ ಒತ್ತಡ ಹೆಚ್ಚಿದಷ್ಟೂ ಜಾರುವುದಕ್ಕೆ ಪ್ರತಿರೋಧ ಹೆಚ್ಚುತ್ತದೆ, ಎಷ್ಟೆಂದು ಘರ್ಷಣ ಕೋನ ಹೇಳುತ್ತದೆ. ನನ್ನ ಮರಳಿಗೆ ಅದು 40 ಡಿಗ್ರಿ. ಸರಿಯುವಾಗ ಮರಳು ಎಷ್ಟು ಕಡಿದಾಗಿ ಮೇಲೇರುತ್ತದೆ ಎಂದು ಹೇಳುವ ಹಿಗ್ಗುವ ಕೋನವನ್ನೂ ಅಷ್ಟೇ ಇಟ್ಟಾಗ ಮಾದರಿಯ ಮರಳು ನಿಜಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಉಬ್ಬಿತು. ಗೇಜು ಹೇಳಿದ್ದು 11 ಡಿಗ್ರಿ. ಆ ಕೋನವನ್ನು ಯಾರೂ ಊಹಿಸಿ ತುಂಬಬಾರದು, ಅಳೆದೇ ತುಂಬಬೇಕು.

ಕಷ್ಟ ಎದುರಾದದ್ದು ಗರಿಷ್ಠ ಮಟ್ಟ ದಾಟಿದ ಮೇಲೆ. ಪ್ರತಿರೋಧ ಕುಸಿಯತೊಡಗಿದೊಡನೆ ಜಾರುವಿಕೆಯೆಲ್ಲ ಜಾಲದ, ಅಂದರೆ ಲೆಕ್ಕಕ್ಕಾಗಿ ಮರಳನ್ನು ಹೋಳು ಮಾಡಿದ ಚೌಕಗಳ, ಒಂದೇ ಸಾಲಿನಲ್ಲಿ ತುಂಬಿಕೊಂಡಿತು. ಚೌಕಗಳನ್ನು ಸಣ್ಣದು ಮಾಡಿದಷ್ಟೂ ಈ ಜಾರುವ ಪಟ್ಟಿ ತೆಳುವಾಯಿತು, ಕುಸಿತ ಕಡಿದಾಯಿತು. ನಿಜವಾದ ಮರಳಿನ ಜಾರುಪಟ್ಟಿ ಕಾಳಿನ ಗಾತ್ರದ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು ದಪ್ಪವಿರುತ್ತದೆ. ಇದನ್ನು ತಡೆಯಲು ಪರ್ಜಿನಾ ಬಗೆಯ ಸ್ನಿಗ್ಧತೆಯನ್ನು, ಅಂದರೆ ಜಾರುವ ವೇಗ ಹೆಚ್ಚಿದಷ್ಟೂ ಹೆಚ್ಚುವ ಪ್ರತಿರೋಧವನ್ನು, ಮಾದರಿಗೆ ಸೇರಿಸಿದೆ. ಲೆಕ್ಕ ಸರಾಗವಾಗಿ ಓಡಿತು, ವಕ್ರರೇಖೆ ನಯವಾಯಿತು. ನಾನು ನಂಬಿಬಿಟ್ಟೆ.

ನಂಬಿಕೆ ಮುರಿದದ್ದು ವೇಗ ಬದಲಿಸಿದಾಗ. ನಿಮಿಷಕ್ಕೆ 0.125 ಮಿ.ಮೀ. ಇದ್ದದ್ದನ್ನು ಪರೀಕ್ಷೆಯ ನಡುವೆಯೇ 1.25ಕ್ಕೆ ಏರಿಸಿದೆ. ಪೆಟ್ಟಿಗೆಯಲ್ಲಿ ಪ್ರತಿರೋಧ ಶೇಕಡಾ ಎರಡರಷ್ಟು ಜಿಗಿದು, ಸ್ವಲ್ಪ ಸರಿಯುವಷ್ಟರಲ್ಲಿ ಹಳೆಯ ದಾರಿಗೇ ಮರಳಿತು. ಮಾದರಿಯಲ್ಲಿ ಮಾತ್ರ ಜಿಗಿದದ್ದು ಕೆಳಗಿಳಿಯಲೇ ಇಲ್ಲ. ಜೇಡಿಮಣ್ಣು ಸಾಮಾನ್ಯವಾಗಿ ಹಾಗೆ ನಡೆದುಕೊಳ್ಳುತ್ತದೆ. ಮರಳಿನ ಸ್ನಿಗ್ಧತೆ ಸರಿದಂತೆಲ್ಲ ಮಾಸುವಂಥದ್ದು. ಜಪಾನಿನ ಮಣ್ಣುತಜ್ಞ ಫುಮಿಯೊ ತತ್ಸುಒಕಾ ಮತ್ತು ಸಂಗಡಿಗರು ಇದನ್ನು ಎಷ್ಟೋ ಪರೀಕ್ಷೆಗಳಲ್ಲಿ ತೋರಿಸಿದ್ದಾರೆ. ಲೆಕ್ಕ ಓಡಲೆಂದು ಹಾಕಿದ ಸ್ನಿಗ್ಧತೆಯನ್ನು ನಾನು ಮರಳಿನ ಗುಣವೆಂದು ಭಾವಿಸಿದ್ದೆ.

ಎರಡನ್ನೂ ಬೇರ್ಪಡಿಸಿದೆ. ಪಟ್ಟಿಯ ದಪ್ಪವನ್ನು 5 ಮಿ.ಮೀ. ಎಂದು ಕಾಳಿನ ಗಾತ್ರದಿಂದಲೇ ನಿಗದಿಪಡಿಸಿ, ಜಾಲ ಬದಲಾದರೂ ಕುಸಿತ ಬದಲಾಗದಂತೆ ಅದಕ್ಕೆ ಹೊಂದಿಸಿದೆ. ಸ್ನಿಗ್ಧತೆಯ ಪದವನ್ನು ಸರಿದ ದೂರದೊಂದಿಗೆ ಮಾಸುವಂತೆ ಬರೆದು, ಅದರ ಪ್ರಮಾಣವನ್ನು ವೇಗ ಬದಲಿಸಿದ ಪರೀಕ್ಷೆಗಳಿಂದ ಮಾತ್ರ ಪಡೆದೆ. ಈಗ ವೇಗ ಏರಿಸಿದಾಗ ಮಾದರಿಯೂ ಜಿಗಿಯುತ್ತದೆ, ಜಿಗಿದು ಇಳಿಯುತ್ತದೆ.