ಮಲಗುವ ಜಾಗ ಮೊದಲು, ದಾರಿ ಆಮೇಲೆ

ಹಾಸನದಿಂದ ಹೊರಟು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯ ಗುಡ್ಡಗಳಲ್ಲಿ ನಮ್ಮ ನಾಯಿ ಕರಿಯನೊಂದಿಗೆ ಮೂರು ರಾತ್ರಿ ಟೆಂಟಿನಲ್ಲಿ ಕಳೆಯಬೇಕೆಂದು ತೀರ್ಮಾನಿಸಿದಾಗ, ನಾನು ಮೊದಲು ಮಾಡಿದ ತಪ್ಪು ನಕಾಶೆ ಹರಡಿಕೊಂಡು ನೋಡಬೇಕಾದ ಜಾಗಗಳಿಗೆ ಗುರುತು ಹಾಕಿದ್ದು. ಅವುಗಳಲ್ಲಿ ಅರ್ಧದಷ್ಟನ್ನು ಅದೇ ವಾರ ಅಳಿಸಬೇಕಾಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕಾಗಲಿ ಭದ್ರಾ ಅಭಯಾರಣ್ಯಕ್ಕಾಗಲಿ ಸಾಕುನಾಯಿಯನ್ನು ಕರೆದೊಯ್ಯುವಂತಿಲ್ಲ. ಮೀಸಲು ಅರಣ್ಯದಲ್ಲಿ ಮನಸ್ಸು ಬಂದಲ್ಲಿ ಟೆಂಟು ಹಾಕುವಂತೆಯೂ ಇಲ್ಲ. ಇದೆಲ್ಲ ಸುಮ್ಮನೆ ಕಾಟವೆಂದೇ ನನಗೆ ಅನ್ನಿಸಿತ್ತು. ಕರಿಯನಿಗೆ ಲಸಿಕೆ ಹಾಕಿಸಲು ಹೋದಾಗ ಪಶುವೈದ್ಯರು, 2018ರಲ್ಲಿ ಗಿರ್ ಕಾಡಿನಲ್ಲಿ ಸತ್ತ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳಲ್ಲಿ ಕೆಲವಕ್ಕೆ ಡಿಸ್ಟೆಂಪರ್ ವೈರಸ್ ತಗುಲಿದ್ದುದನ್ನೂ, ಆ ರೋಗ ನಾಯಿಗಳಿಂದ ಕಾಡುಪ್ರಾಣಿಗಳಿಗೆ ದಾಟಬಲ್ಲದೆಂಬುದನ್ನೂ ವಿವರಿಸಿದ ಮೇಲೆ ನನ್ನ ಗೊಣಗಾಟ ನಿಂತಿತು.

ಹೋಂಸ್ಟೇಗಳ ಮೇಲೆ ನನಗೆ ಭರವಸೆಯಿರಲಿಲ್ಲ. ಹಿಂದೊಮ್ಮೆ ಫೋನಿನಲ್ಲಿ ‘ನಾಯಿ ತನ್ನಿ’ ಎಂದವರೇ, ಗೇಟಿನ ಬಳಿ ಕರಿಯನ ಗಾತ್ರ ಕಂಡು ಒಳಗೆ ಬಿಟ್ಟಿರಲಿಲ್ಲ. ಆದ್ದರಿಂದ ಈ ಸಲ ಮೂಡಿಗೆರೆ ಬಳಿ ಕಾಫಿ ತೋಟವಿರುವ ನನ್ನ ಮೈದುನನನ್ನು ಕೇಳಿ, ಅವನು ಕಾಫಿ ಒಣಗಿಸುವ ಕಣದಲ್ಲೇ ಟೆಂಟು ಹಾಕುವುದೆಂದು ಗೊತ್ತುಮಾಡಿಕೊಂಡೆ. ಸಿಮೆಂಟಿನ ಕಣಕ್ಕೆ ಗೂಟ ಹೊಡೆಯಲಾಗುವುದಿಲ್ಲವಾದ್ದರಿಂದ ಹಗ್ಗಗಳನ್ನು ಕಲ್ಲಿಗೆ ಕಟ್ಟಬೇಕು. ಆದರೆ ಹುಲ್ಲಿನ ಮೇಲೆ ಮಲಗುವುದಕ್ಕಿಂತ ಅಲ್ಲಿ ಇಂಬಳದ ಕಾಟ ಎಷ್ಟೋ ಕಡಿಮೆ.

ಯಾವ ತಿಂಗಳೆಂಬುದನ್ನು ನಿರ್ಧರಿಸಲು ಹೆಚ್ಚು ಹೊತ್ತು ಹಿಡಿಯಿತು. ಮಳೆಗಾಲದಲ್ಲಿ ಇಂಬಳ ಕಾಲಿಗಷ್ಟೇ ಅಲ್ಲ, ಮೂಸಿ ನೋಡುವ ನಾಯಿಯ ಮೂಗಿನೊಳಗೂ ಸೇರಿಕೊಳ್ಳುತ್ತದೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಉಣುಗುಗಳ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದೂ ಇವುಗಳ ಮೂಲಕವೇ, ಮತ್ತು ನಾಯಿ ಅವನ್ನು ಮೈಮೇಲೆ ಹೊತ್ತು ಮನೆಗೆ ತರಬಲ್ಲದು. ಕೊಯ್ಲು ಆರಂಭವಾದರೆ ಕಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇವೆಲ್ಲವನ್ನೂ ತೂಗಿ ನೋಡಿ ಅಕ್ಟೋಬರಿನ ಕೊನೆಯ ವಾರವನ್ನು ಆರಿಸಿದೆ. ಆದರೆ ಆ ದಿನಗಳಲ್ಲಿ ತೋಟದಲ್ಲಿ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಹೊಡೆಯುತ್ತಾರೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಮೈಲುತುತ್ತ ಕಲಸಿದ ಡ್ರಮ್ಮಿನ ಪಕ್ಕದ ನೀಲಿ ನೀರಿಗೆ ಕರಿಯ ಬಾಯಿ ಹಾಕಲಿದ್ದಾಗ ನನ್ನ ಹೆಂಡತಿ ಕೊರಳಪಟ್ಟಿ ಹಿಡಿದೆಳೆದಳು. ಅಲ್ಲಿಂದ ಮುಂದೆ ಅವನಿಗೆ ನಮ್ಮ ಕ್ಯಾನಿನ ನೀರು ಮಾತ್ರ.

ಹಾಸನದಿಂದ ಹೊರಡುವ ಬೆಳಿಗ್ಗೆ ಕರಿಯನಿಗೆ ಊಟ ಹಾಕಲಿಲ್ಲ. ಹೊಟ್ಟೆ ತುಂಬಿಸಿಕೊಂಡು ತಿರುವುಗಳಲ್ಲಿ ಸಾಗಿದರೆ ಸೀಟೆಲ್ಲ ವಾಂತಿ. ಬೇಲೂರಿನಲ್ಲಿ ಒಬ್ಬರು ದೇವಸ್ಥಾನ ನೋಡಿ ಬರುವವರೆಗೆ ಇನ್ನೊಬ್ಬರು ಮರದ ನೆರಳಿನಲ್ಲಿ ನಾಯಿ ಹಿಡಿದು ನಿಂತೆವು. ಗಾಜು ಏರಿಸಿದ ಕಾರಿನಲ್ಲಿ ಅವನನ್ನು ಐದು ನಿಮಿಷವೂ ಬಿಡಲಿಲ್ಲ. ಕೊಟ್ಟಿಗೆಹಾರದ ನೀರುದೋಸೆಯನ್ನೂ ಹೀಗೆ ಸರದಿಯಲ್ಲೇ ತಿಂದೆವು.

ಮೊದಲ ಸಂಜೆ ಕರಿಯನನ್ನು ಟೆಂಟಿನ ಹೊರಗೆ ಕಟ್ಟಲು ಹೊರಟಾಗ ಮೈದುನ ತಡೆದ. “ಭಾವ, ಹೊರಗೆ ಕಟ್ಟಬೇಡಿ. ಹೋದ ತಿಂಗಳು ನಮ್ಮ ತೋಟದ ನಾಯಿಯನ್ನು ಚಿರತೆ ಸರಪಳಿ ಸಮೇತ ಎಳೆದಿದೆ.” ಆನೆಯ ವಿಷಯದಲ್ಲಿ ಅವನ ಎಚ್ಚರಿಕೆ ಇನ್ನೂ ದೊಡ್ಡದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗಗಳಲ್ಲಿ ಆನೆಗಳು ತೋಟದೊಳಗೇ ತಿರುಗುತ್ತವೆ. ಹಗ್ಗ ಬಿಚ್ಚಿದ ನಾಯಿ ಅವುಗಳ ಮೇಲೆ ಬೊಗಳಿ, ಆನೆ ಅಟ್ಟಿಸಿಕೊಂಡು ಬಂದಾಗ ನೇರ ಯಜಮಾನನ ಕಾಲ ಬಳಿಗೇ ಓಡಿ ಬರುತ್ತದೆ. ಅದಕ್ಕಾಗಿ ಬೆಳಗಿನ ನಡಿಗೆಯನ್ನು ಮಂಜು ಹರಿದು, ಕೆಲಸದಾಳುಗಳು ಬಂದ ಮೇಲಷ್ಟೇ ಇಟ್ಟುಕೊಂಡೆವು; ಹಗ್ಗವನ್ನು ಒಮ್ಮೆಯೂ ಬಿಡಲಿಲ್ಲ. ರಾತ್ರಿ ಅವನು ನಮ್ಮಿಬ್ಬರ ಮಧ್ಯೆ, ಒದ್ದೆ ಕಂಬಳಿಯ ವಾಸನೆ ಹೊಡೆಯುತ್ತ ಮಲಗಿದ.

ಪ್ರತಿ ಸಂಜೆ ಟಾರ್ಚ್ ಹಿಡಿದು ಅವನ ಕಿವಿಯ ಮಡಿಕೆ, ಕಂಕುಳು, ಕಾಲ್ಬೆರಳ ಸಂದುಗಳನ್ನು ನೋಡುತ್ತಿದ್ದೆ. ಇಂಬಳ ಉಪ್ಪಿಗೆ ಬಿಡುತ್ತದೆ. ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ಮೂರು ದಿನ ಏನೂ ಸಿಗದಿದ್ದಾಗ ನಿಶ್ಚಿಂತನಾಗಿದ್ದೆ. ಹಾಸನಕ್ಕೆ ಮರಳಿದ ಎರಡನೆಯ ದಿನ, ಎಡಗಿವಿಯ ಹಿಂದೆ ಎಳ್ಳುಕಾಳಿನಷ್ಟು ದಪ್ಪದ್ದೊಂದು ಕೈಗೆ ತಾಗಿತು.