ಬೆರಳ ತುದಿಯಷ್ಟು ಮುಲಾಮು

ನಾನು ಉಡುಪಿಯಲ್ಲಿ ಮಕ್ಕಳ ವಾರ್ಡಿನ ನರ್ಸ್. ಇಸಬು ಎದ್ದ ಕೂಸನ್ನು ಎತ್ತಿಕೊಂಡು ಬಂದವರನ್ನು ಮೊದಲು ಕೇಳುವುದು, ಮನೆಯಲ್ಲಿ ಮೀಯಿಸುವುದು ಯಾರು ಎಂದು. ಹೆಚ್ಚಾಗಿ ಅಜ್ಜಿ. ಹಾಗಾಗಿ ಅಜ್ಜಿಯನ್ನೂ ಕೂರಿಸಿಕೊಂಡೇ ಮಾತಾಡುತ್ತೇನೆ.

ಒಂದು ಮಳೆಗಾಲದಲ್ಲಿ ಬಂದ 5 ತಿಂಗಳ ಹೆಣ್ಣುಕೂಸಿನ ಕೆನ್ನೆಗಳೆರಡೂ ಕೆಂಪಾಗಿ, ರಸ ಒಸರಿ ಹಕ್ಕಳೆ ಕಟ್ಟಿದ್ದವು. ತಾಯಿಯ ಹೆಗಲಿಗೆ ಮುಖ ಉಜ್ಜಿ ಉಜ್ಜಿ ಅಳುತ್ತಿತ್ತು. ಡಾಕ್ಟರು ಸೌಮ್ಯವಾದ ಸ್ಟಿರಾಯ್ಡ್ ಮುಲಾಮು ಬರೆದುಕೊಟ್ಟರು. ನಾನು "ತೆಳ್ಳಗೆ ಹಚ್ಚಿ ಅಮ್ಮ" ಅಂದುಬಿಟ್ಟೆ. ವಾರ ಬಿಟ್ಟು ಬಂದಾಗ ಕೆನ್ನೆ ಹಾಗೆಯೇ ಇತ್ತು. ಚೀಲದಿಂದ ತೆಗೆದ ಟ್ಯೂಬೂ ಹಾಗೆಯೇ ಉಬ್ಬಿಕೊಂಡಿತ್ತು. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿದ್ದ ತಾಯಿ, ನನ್ನ ಮಾತನ್ನೂ ಹಿಡಿದುಕೊಂಡು ಸಾಸಿವೆಕಾಳಿನಷ್ಟು ಸವರುತ್ತಿದ್ದರು. ತಪ್ಪು ನನ್ನದು.

ಆ ಮೇಲೆ ನಾನು ಬರೀ ಬಾಯಲ್ಲಿ ಹೇಳುವುದಿಲ್ಲ, ಹಿಂಡಿ ತೋರಿಸುತ್ತೇನೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಅದು ಸಾಕು. ಡಾಕ್ಟರು ಹೇಳಿದಷ್ಟೇ ದಿನ. ಮೆಡಿಕಲ್ ಅಂಗಡಿಯಲ್ಲಿ "ಕಜ್ಜಿಗೆ ಕೊಡಿ" ಎಂದು ಕೇಳಿ ತರುವ ಬೆರಕೆ ಕ್ರೀಮು ಮಾತ್ರ ಕೂಸಿಗೆ ಬೇಡವೇ ಬೇಡ, ಅದರಲ್ಲಿ ಎಷ್ಟೋ ಸಲ ತೀರಾ ಬಲವಾದ ಸ್ಟಿರಾಯ್ಡ್ ಇರುತ್ತದೆ.

"ಬಿಸಿನೀರು ಹೊಯ್ಯದಿದ್ರೆ ಶೀತ ಆಗುದಿಲ್ವಾ ಸಿಸ್ಟರ್?" ಅಂತ ಅಜ್ಜಿ ಕೇಳಿದರು. ಹಂಡೆಯ ಸುಡುನೀರು ಚರ್ಮದ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ, ತುರಿಕೆ ಏರುತ್ತದೆ. ಬಕೆಟಿನಲ್ಲಿ ಅವರ ಮೊಣಕೈ ಅದ್ದಿಸಿ ಉಗುರುಬೆಚ್ಚಗೆ ಅಂದರೆ ಎಷ್ಟು ಎಂದು ತಿಳಿಸಿದೆ. 10 ನಿಮಿಷದೊಳಗೆ ಮೀಯಿಸಿ ಮುಗಿಸಬೇಕು. ಕಡ್ಲೆಹುಡಿ ಉಜ್ಜುವುದನ್ನೂ ಸಾಂಬ್ರಾಣಿ ಹೊಗೆಯನ್ನೂ ಬಿಡಿಸಿದೆ. ಹಳೆ ಪಂಚೆಯಲ್ಲಿ ಒತ್ತಿ ಒರೆಸಿ, ಮೈಯಲ್ಲಿ ಪಸೆ ಇರುವಾಗಲೇ, 3 ನಿಮಿಷದೊಳಗೆ, ಚರ್ಮ ಒಣಗದಂತೆ ಇಡುವ, ಸ್ಟಿರಾಯ್ಡ್ ಇಲ್ಲದ, ಪರಿಮಳವಿಲ್ಲದ ಕ್ರೀಮು ಧಾರಾಳ ಹಚ್ಚಬೇಕು. ಮಳೆಗಾಲದಲ್ಲಿ ವ್ಯಾಸಲೀನ್ ಆದೀತು, ಏಪ್ರಿಲ್-ಮೇ ಸೆಖೆಯಲ್ಲಿ ಅದರಡಿ ಬೆವರು ನಿಂತು ಕೂಸು ಕಿರಿಕಿರಿ ಮಾಡುತ್ತದೆ, ಆಗ ತೆಳು ಕ್ರೀಮೇ ಒಳ್ಳೆಯದು. ಉಗುರು ಕತ್ತರಿಸಿರಬೇಕು. ಹಾಲು ಕುಡಿಸುವ ತಾಯಿ ತಾನಾಗಿ ಮೀನು, ಮೊಟ್ಟೆ ಬಿಡಬೇಕಿಲ್ಲ.

ಎರಡು ವಾರಕ್ಕೆ ಕೆನ್ನೆ ತಿಳಿಯಾಯಿತು. ಮತ್ತೆ ಎದ್ದೀತು, ಆಗ ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿ ಕಳಿಸಿದೆ. ಆದರೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಬೇಗ ತೋರಿಸಿ. ಜ್ವರದ ಜೊತೆ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದರೆ ರಾತ್ರಿಯಾದರೂ ಹೊರಟು ಬನ್ನಿ ಅಂದೆ.